ಇಳಿಜಾರು ಇಳಿಜಾರಾಗಿಯೇ ಕಾಣಬೇಕು: ಗುಡ್ಡ, ಘಾಟಿ ಮತ್ತು ಬಣ್ಣದ ಇಳಿತವನ್ನು ಚಿತ್ರಿಸುವ ಸಮಗ್ರ ಮಾರ್ಗದರ್ಶಿ

ಕೊಡಚಾದ್ರಿಯ ಸರ್ವಜ್ಞ ಪೀಠದಿಂದ ಚಿತ್ರಮೂಲದ ಕಡೆಗೆ ಇಳಿಯುವ ದಾರಿ ಎಂಥದ್ದೆಂದು ಇಳಿದವರಿಗೇ ಗೊತ್ತು. ಮೊದಲ ಸಲ ಅಲ್ಲಿಂದ ಬಂದಾಗ ನನ್ನ ಮೊಣಕಾಲುಗಳು ಎರಡು ದಿನ ನಡುಗಿದ್ದವು. ಆದರೆ ತೆಗೆದ ಚಿತ್ರಗಳನ್ನು ನೋಡಿದ ಅಮ್ಮ ಕೇಳಿದ್ದು, "ಇದು ಯಾವ ಊರಿನ ಹುಲ್ಲುಗಾವಲು?" ಎಂದು. ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಚಿತ್ರದಲ್ಲಿ ಹುಲ್ಲಿತ್ತು, ಕಾಲುದಾರಿಯಿತ್ತು, ಆಕಾಶವಿತ್ತು. ಇಳಿಜಾರು ಮಾತ್ರ ಇರಲಿಲ್ಲ.

ಅಂದಿನಿಂದ ನನ್ನ ಬಹುಪಾಲು ಚಿತ್ರಗಳು ಇಳಿಜಾರಿನವೇ. ಮಲೆನಾಡಿನ ಗುಡ್ಡಗಳು, ಬಯಲುಸೀಮೆಯ ಹೆಬ್ಬಂಡೆಗಳು, ಬೆಟ್ಟದ ಮೆಟ್ಟಿಲುಗಳು, ಅವುಗಳ ಮೇಲೆ ನೀಲಿಯಿಂದ ಕೇಸರಿಗೆ ಇಳಿಯುವ ಆಕಾಶ. ಬಣ್ಣದ ಇಳಿತವೂ ಒಂದು ಇಳಿಜಾರೇ ಎಂಬುದು ನನ್ನ ನಂಬಿಕೆ. ಹಾಗಾಗಿ ಎರಡನ್ನೂ ಒಟ್ಟಿಗೆ ಹೇಳುತ್ತೇನೆ. ಇಲ್ಲಿರುವ ಹೆಚ್ಚಿನದನ್ನು ಮೊಬೈಲಿನಲ್ಲೂ ಮಾಡಬಹುದು.

ಇಳಿಜಾರು ಕಳೆದುಹೋಗುವುದು ಎಲ್ಲಿ?

ಬೆಟ್ಟದ ಬುಡದಲ್ಲಿ ನಿಂತಾಗ ಏರು ಎಷ್ಟಿದೆ ಎಂದು ನಮಗೆ ತಿಳಿಯುವುದು ಕಣ್ಣಿನಿಂದ ಮಾತ್ರವಲ್ಲ. ಕುತ್ತಿಗೆ ಹಿಂದಕ್ಕೆ ಬಾಗಿರುತ್ತದೆ, ಹಿಮ್ಮಡಿಯ ನರ ಎಳೆದಿರುತ್ತದೆ, ಒಳಕಿವಿ ದೇಹದ ಸಮತೋಲವನ್ನು ಹೇಳುತ್ತಿರುತ್ತದೆ. ಜೊತೆಗೆ ಮನಸ್ಸು ಏರನ್ನು ಹಿಗ್ಗಿಸಿ ನೋಡುತ್ತದೆ. 5 ಡಿಗ್ರಿಯ ಏರನ್ನು ಎದುರಿನಿಂದ ನೋಡಿದವರು ಸುಮಾರು 20 ಡಿಗ್ರಿ ಎಂದು ಅಂದಾಜು ಮಾಡುತ್ತಾರೆಂದು ಮನೋವಿಜ್ಞಾನಿಗಳು ಪರೀಕ್ಷಿಸಿ ತೋರಿಸಿದ್ದಾರೆ. ಕ್ಯಾಮೆರಾಕ್ಕೆ ಕುತ್ತಿಗೆಯೂ ಇಲ್ಲ, ದಣಿವೂ ಇಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. 30 ಡಿಗ್ರಿಯ ಹುಲ್ಲಿನ ಇಳಿಜಾರಿನ ಬುಡದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಇಡೀ ಗುಡ್ಡ ಚಿತ್ರದಲ್ಲಿ ಬರಲಿ ಎಂದು ಕ್ಯಾಮೆರಾವನ್ನು 30 ಡಿಗ್ರಿಯಷ್ಟು ಮೇಲಕ್ಕೆ ಎತ್ತುತ್ತೀರಿ. ಈಗ ಕ್ಯಾಮೆರಾ ಮತ್ತು ನೆಲದ ನಡುವಿನ ಸಂಬಂಧ ಹೇಗಿದೆ? ಸಮತಟ್ಟಾದ ಬಯಲಿನಲ್ಲಿ ನೇರವಾಗಿ ಮುಂದೆ ನೋಡುವಾಗ ಹೇಗಿರುತ್ತದೆಯೋ ಅಚ್ಚುಕಟ್ಟಾಗಿ ಹಾಗೆಯೇ. ಗುಡ್ಡದ ತುದಿ ಚಿತ್ರದ ನಡುವೆ ದಿಗಂತದ ಹಾಗೆ ಕುಳಿತುಕೊಳ್ಳುತ್ತದೆ. ಅಮ್ಮನಿಗೆ ಹುಲ್ಲುಗಾವಲು ಕಂಡದ್ದು ಇದಕ್ಕೇ. ಮೇಲಿನಿಂದ ಕೆಳಕ್ಕೆ ಬಾಗಿಸಿ ತೆಗೆದರೂ ಇದೇ ಕಥೆ.

1. ಸಾಕ್ಷಿಯನ್ನು ಹುಡುಕಿ

ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ತೂಗುಗುಂಡು ಬಿಡುತ್ತಾರೆ, ನೆಲ ಸಮವಾಗಿದೆಯೇ ಎಂದು ರಸಮಟ್ಟ ಇಡುತ್ತಾರೆ. ಇಳಿಜಾರಿನ ಚಿತ್ರಕ್ಕೂ ಇವೆರಡರಲ್ಲಿ ಒಂದಾದರೂ ಬೇಕು. ನೆಟ್ಟಗೆ ನಿಂತದ್ದೊಂದು, ಇಲ್ಲವೇ ಮಟ್ಟವಾಗಿ ಮಲಗಿದ್ದೊಂದು ಚಿತ್ರದೊಳಗಿದ್ದರೆ ಓರೆಯಾದದ್ದು ತಾನಾಗಿ ಓರೆಯಾಗಿ ಕಾಣುತ್ತದೆ.

ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಈ ಕೆಲಸಕ್ಕೆ ಸಿಲ್ವರ್ ಓಕ್ ಮರಗಳಿವೆ. ನೆಲ ಎಷ್ಟೇ ಓರೆಯಾಗಿದ್ದರೂ ಅವುಗಳ ಕಾಂಡ ನೇರವಾಗಿ ಮೇಲಕ್ಕೇ ಹೋಗುತ್ತದೆ. ಒಂದೇ ಕಾಂಡದ ಬುಡಕ್ಕೆ ಹತ್ತಿರ ಹೋಗಿ ನೋಡಿ: ಮೇಲುಗಡೆಯ ಮಣ್ಣು ಕಾಂಡಕ್ಕೆ ಒತ್ತಿಕೊಂಡು ತರಗೆಲೆಗಳನ್ನು ಗುಡ್ಡೆ ಹಾಕಿರುತ್ತದೆ, ಕೆಳಗಡೆಯ ಮಣ್ಣು ಮಳೆಗೆ ಕೊಚ್ಚಿಹೋಗಿ ಬೇರು ಹೊರಬಂದಿರುತ್ತದೆ, ಆ ಬೇರಿನಿಂದಲೇ ಮೆಣಸಿನ ಬಳ್ಳಿ ಹಬ್ಬಲು ಶುರುಮಾಡಿರುತ್ತದೆ. ಈ ಒಂದು ಮೊಳ ಜಾಗದ ಚಿತ್ರ ಇಡೀ ಕಣಿವೆಯ ಚಿತ್ರಕ್ಕಿಂತ ಚೆನ್ನಾಗಿ ಇಳಿಜಾರನ್ನು ಹೇಳುತ್ತದೆ. ನನ್ನ ಸಂಗ್ರಹದಲ್ಲಿ ನನಗೆ ಅತಿ ಇಷ್ಟವಾದ ಇಳಿಜಾರಿನ ಚಿತ್ರ ಇಂಥದ್ದೇ.

ಕರಾವಳಿಯ ತೋಟಗಳಲ್ಲಿ ಅಡಿಕೆ ಮರ, ಘಾಟಿ ರಸ್ತೆಯಲ್ಲಿ ವಿದ್ಯುತ್ ಕಂಬ, ಬೋಳುಗುಡ್ಡದ ಮೇಲೆ ನಿಂತ ಮನುಷ್ಯ, ಯಾವುದಾದರೂ ಆದೀತು. ಮನುಷ್ಯ ಇದ್ದರೆ ಆತ ಏರಿಗೆ ಮೈ ಬಾಗಿಸಿರುವುದು ಕಾಣುವಂತೆ ಪಕ್ಕದಿಂದ ತೆಗೆಯಿರಿ. ದೂರದ ಕೆರೆಯ ನೀರು, ಸಮುದ್ರದ ಅಂಚು ಮಟ್ಟದ ಸಾಕ್ಷಿಗಳು. ಗಾಳಿಗೆ ಸಿಕ್ಕಿ ಬಾಗಿದ ಮರಗಳನ್ನು ಮಾತ್ರ ನಂಬಬೇಡಿ. ಘಟ್ಟದ ಅಂಚಿನಲ್ಲಿ ಅಂಥವು ಬಹಳ.

ಮೆಟ್ಟಿಲುಗಳಿಗೆ ಬೇರೆ ಸಾಕ್ಷಿ ಬೇಡ. ಪ್ರತಿ ಮೆಟ್ಟಿಲಿನಲ್ಲೂ ಒಂದು ಮಟ್ಟದ ಗೆರೆ, ಒಂದು ನೆಟ್ಟನೆಯ ಗೆರೆ ಇದ್ದೇ ಇರುತ್ತದೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಎದುರಿನಿಂದ ತೆಗೆಯುವ ಬದಲು, ಬದಿಗೆ ಸರಿದು ಮೆಟ್ಟಿಲಿನ ಅಂಚುಗಳು ಗರಗಸದ ಹಲ್ಲಿನಂತೆ ಕಾಣುವಲ್ಲಿ ಕುಳಿತು ತೆಗೆದು ನೋಡಿ.

2. ಕ್ಯಾಮೆರಾವನ್ನು ಮಟ್ಟದಲ್ಲಿಡಿ

ಸೆಟ್ಟಿಂಗ್‌ನಲ್ಲಿ ಗ್ರಿಡ್ ಮತ್ತು ಲೆವೆಲ್ ಗೆರೆಯನ್ನು ಚಾಲೂ ಮಾಡಿಕೊಳ್ಳಿ. ಇಳಿಜಾರಿನಲ್ಲಿ ನಿಂತಾಗ ನಾವು ನಮಗರಿವಿಲ್ಲದೆ ಕ್ಯಾಮೆರಾವನ್ನು ನೆಲದ ಓರೆಗೆ ಹೊಂದಿಸಿ, ಇಳಿಜಾರಿನ ಕೆಳಗಡೆಗೆ ವಾಲಿಸಿ ಹಿಡಿದುಬಿಡಬಹುದು. ಆಗ 25 ಡಿಗ್ರಿಯ ಇಳಿಜಾರು ಚಿತ್ರದಲ್ಲಿ 18 ಆಗಿಬಿಡಬಹುದು.

ಬೇಕೆಂದೇ ಇನ್ನೊಂದು ಕಡೆಗೆ ವಾಲಿಸಿ ಇಳಿಜಾರನ್ನು ಕಡಿದಾಗಿ ತೋರಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಒಂದು ಮರ ಓರೆಯಾಗಿ ಕಂಡರೆ ಸಾಕು, ನೋಡುವವರಿಗೆ ಇಡೀ ಚಿತ್ರದ ಮೇಲಿನ ನಂಬಿಕೆ ಹೋಗುತ್ತದೆ.

ಕ್ಯಾಮೆರಾವನ್ನು ಮೇಲಕ್ಕೆತ್ತದೆ ಗುಡ್ಡದ ತುದಿ ಸಿಗದಿದ್ದರೆ ಹಿಂದಕ್ಕೆ ಹೋಗಿ, ಅಥವಾ ಮೊಬೈಲನ್ನು ಲಂಬವಾಗಿ ಹಿಡಿದು ಕೆಳಗಿನ ಭಾಗವನ್ನು ಆಮೇಲೆ ಕತ್ತರಿಸಿ. ಎತ್ತಲೇಬೇಕಾದರೆ ಚಿತ್ರದಲ್ಲಿ ನೆಟ್ಟನೆಯ ಮರಗಳಿರಲಿ. ಅವು ಮೇಲಕ್ಕೆ ಹೋದಂತೆ ಒಂದರ ಕಡೆಗೊಂದು ವಾಲುವುದರಿಂದ ನೋಟ ಮೇಲ್ಮುಖವಾಗಿದೆ ಎಂಬುದಾದರೂ ತಿಳಿಯುತ್ತದೆ.

3. ನಿಲ್ಲುವ ಜಾಗ

ಇಳಿಜಾರಿನ ನಿಜವಾದ ಕೋನ ಕಾಣುವುದು ಪಕ್ಕದಿಂದ. ಅಂದರೆ ಇಳಿಜಾರಿನ ಅಂಚು ಆಕಾಶಕ್ಕೋ ಹಿಂದಿನ ಮಂಜಿಗೋ ಎದುರಾಗಿ ಒಂದು ಗೆರೆಯಾಗಿ ಕಾಣುವ ಜಾಗದಿಂದ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನಲ್ಲಿ ಒಂದು ಗುಡ್ಡವನ್ನು ಹತ್ತಿ ಪಕ್ಕದ ಗುಡ್ಡದ ಬೆನ್ನನ್ನು ನೋಡಿದರೆ ಇಂಥ ಗೆರೆಗಳು ಒಂದರ ಹಿಂದೆ ಒಂದು ಸಿಗುತ್ತವೆ. ಹತ್ತುವ ಗುಡ್ಡವೇ ಬೇರೆ, ಚಿತ್ರಿಸುವ ಗುಡ್ಡವೇ ಬೇರೆ ಎಂದು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಎದುರಿನ ಎತ್ತರದಿಂದ ನೋಡಿದರೆ ಇಳಿಜಾರು ಗೋಡೆಯಂತೆ ಎದ್ದು ನಿಲ್ಲುತ್ತದೆ. ಶ್ರವಣಬೆಳಗೊಳದಲ್ಲಿ ಇದನ್ನು ಚೆನ್ನಾಗಿ ಅಭ್ಯಾಸ ಮಾಡಬಹುದು. ಚಂದ್ರಗಿರಿಯನ್ನು ಹತ್ತಿ ಕಲ್ಯಾಣಿಯ ಆಚೆಗಿರುವ ವಿಂಧ್ಯಗಿರಿಯನ್ನು ನೋಡಿ. ಬಂಡೆಯಲ್ಲೇ ಕಡೆದ ಮೆಟ್ಟಿಲುಗಳ ಸಾಲು, ಅದರ ಮೇಲೆ ಚುಕ್ಕೆಗಳಂತೆ ಹತ್ತುತ್ತಿರುವ ಯಾತ್ರಿಕರು. ಇಲ್ಲಿ ಕೋನ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆದರೆ ಹತ್ತುವವರ ಮನಸ್ಸಿಗೆ ಬೆಟ್ಟ ಕಾಣುವುದೂ ಹಾಗೆಯೇ, ಆದ್ದರಿಂದ ಇದನ್ನು ನಾನು ಸುಳ್ಳೆನ್ನುವುದಿಲ್ಲ.

ಎಲ್ಲ ಇಳಿಜಾರನ್ನೂ ತೋರಿಸಲಾಗುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಮಾರ್ಗದ ಇಳುಕಲು 50ಕ್ಕೆ 1, ಅಂದರೆ 50 ಮೀಟರ್ ಸಾಗಿದರೆ 1 ಮೀಟರ್ ಇಳಿತ. ರೈಲಿನ ಮಟ್ಟಿಗೆ ಅದು ಭಾರಿ ಇಳಿಜಾರು, ಕೋನದಲ್ಲಿ ಹೇಳಿದರೆ ಕೇವಲ 1 ಡಿಗ್ರಿ ಚಿಲ್ಲರೆ. ಯಾವ ಕ್ಯಾಮೆರಾದಲ್ಲೂ ಅದು ಕಾಣದು. ಅಲ್ಲಿ ಕಿಟಕಿಯಿಂದ ಕಾಣುವ ತಿರುವನ್ನು, ಸೇತುವೆಯ ಎತ್ತರದ ಕಂಬಗಳನ್ನು, 57 ಸುರಂಗಗಳಲ್ಲಿ ಒಂದರ ಬಾಯನ್ನು ತೆಗೆಯಿರಿ. ಹಳಿಯ ಮೇಲೆ ನಡೆದು ಹೋಗಿ ತೆಗೆಯುವ ಆಸೆ ಬೇಡ. ಅದು ಕಾನೂನುಬಾಹಿರ, ಜೀವಕ್ಕೂ ಅಪಾಯ.

4. ಲೆನ್ಸ್

ವೈಡ್ ಲೆನ್ಸ್‌ನಿಂದ (ಅಗಲ ನೋಟದ್ದು) ಬೆಟ್ಟ ಕುಗ್ಗುತ್ತದೆ, ಟೆಲಿ ಲೆನ್ಸ್‌ನಿಂದ (ದೂರದ್ದನ್ನು ಹತ್ತಿರ ತೋರಿಸುವುದು) ಎದ್ದು ನಿಲ್ಲುತ್ತದೆ ಎನ್ನುವುದು ರೂಢಿಯ ಮಾತು. ನಿಜದಲ್ಲಿ ಇದು ಲೆನ್ಸಿನ ಗುಣವಲ್ಲ, ದೂರದ ಗುಣ. ದೂರದಿಂದ ನೋಡಿದಾಗ ಹತ್ತಿರದ ಮರಕ್ಕೂ ಹಿಂದಿನ ಶಿಖರಕ್ಕೂ ಗಾತ್ರದ ಅನುಪಾತ ನಿಜಕ್ಕೆ ಹತ್ತಿರವಾಗುತ್ತದೆ. ಆ ನೋಟದಿಂದ ಒಂದು ತುಣುಕನ್ನು ಕತ್ತರಿಸಿ ಕೊಡುವುದಷ್ಟೇ ಟೆಲಿ ಲೆನ್ಸಿನ ಕೆಲಸ. ರಸ್ತೆಯ ಸುರುಳಿಗಳನ್ನು, ಗುಡ್ಡದ ಸಾಲುಗಳನ್ನು ಒಂದರ ಮೇಲೊಂದು ಪೇರಿಸಿದಂತೆ ತೋರಿಸಲು 100ರಿಂದ 200 ಮಿಲಿಮೀಟರ್ ನಾಭಿದೂರದ ಲೆನ್ಸ್ ಚೆನ್ನ. ಮೊಬೈಲಿನಲ್ಲಾದರೆ 3 ಅಥವಾ 5 ಪಟ್ಟಿನ ಆಪ್ಟಿಕಲ್ ಝೂಮ್ ಬಳಸಿ.

5. ಬೆಳಕು: ಮುಷ್ಟಿಯಿಂದ ಅಳೆಯಿರಿ

ಎಲ್ಲರೂ ಹೇಳುವುದು ಸೂರ್ಯೋದಯ, ಸೂರ್ಯಾಸ್ತದ ಹೊತ್ತು. ಇಳಿಜಾರಿಗೆ ಆ ನಿಯಮ ಯಾವಾಗಲೂ ಹೊಂದುವುದಿಲ್ಲ.

ಮೈಯ ಏರುತಗ್ಗುಗಳು ಕಾಣಬೇಕಾದರೆ ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು. ಬಯಲಿನಲ್ಲಿ ಹಾಗಾಗುವುದು ಸೂರ್ಯ ದಿಗಂತದ ಬಳಿ ಇದ್ದಾಗ. ಆದರೆ ಪಶ್ಚಿಮಕ್ಕೆ ಮುಖ ಮಾಡಿದ 30 ಡಿಗ್ರಿಯ ಇಳಿಜಾರಿನ ಮೇಲೆ ಸಂಜೆಯ ಸೂರ್ಯ ಬಹುತೇಕ ಎದುರಿನಿಂದಲೇ ಬೀಳುತ್ತಾನೆ. ಬಣ್ಣ ಹೊನ್ನಾಗಿರುತ್ತದೆ, ಮೈ ಮಾತ್ರ ಚಪ್ಪಟೆ. ಅಂಥ ಇಳಿಜಾರನ್ನು ಬೆಳಕು ಸವರುವುದು ಬೆಳಗ್ಗೆ, ಸೂರ್ಯ ಹಿಂದಿನಿಂದ 30 ಡಿಗ್ರಿ ಏರಿ ಬೆಟ್ಟದ ತಲೆಯ ಮೇಲಿನಿಂದ ಆಗಷ್ಟೇ ಇಣುಕುವಾಗ. ಚಳಿಗಾಲದಲ್ಲಿ ನಮ್ಮಲ್ಲಿ ಅದು ಸುಮಾರು ಒಂಬತ್ತು ಗಂಟೆಯ ಹೊತ್ತು. ಕಾಲು ಗಂಟೆ ಮೊದಲು ಇಡೀ ಮುಖ ನೆರಳಲ್ಲಿರುತ್ತದೆ. ಆಮೇಲೆ ಪ್ರತಿ ಹುಲ್ಲಿನ ಗುಪ್ಪೆಗೂ ಪ್ರತಿ ಕೊರಕಲಿಗೂ ಉದ್ದನೆಯ ನೆರಳು ಹುಟ್ಟಿಕೊಳ್ಳುತ್ತದೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿಗೆ ಇದೇ ಕ್ಷಣ ಮಧ್ಯಾಹ್ನದ ನಂತರ, ಅದು ನೆರಳಿಗೆ ಹೋಗುವ ಮುನ್ನ ಬರುತ್ತದೆ.

ಲೆಕ್ಕ ಹಾಕುವುದು ಸುಲಭ. ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಇಳಿಜಾರಿನ ಕೋನವನ್ನು ಪಕ್ಕದಿಂದ ಮೊಬೈಲಿನ ಲೆವೆಲ್ ಆ್ಯಪ್‌ನಲ್ಲಿ ಅಳೆದುಕೊಳ್ಳಿ. ಅದು 30 ಇದ್ದರೆ ಸೂರ್ಯ ದಿಗಂತದಿಂದ ಮೂರು ಮುಷ್ಟಿ ಎತ್ತರದಲ್ಲಿರುವಾಗ ಅಲ್ಲಿರಿ. ಸೂರ್ಯನನ್ನು ದಿಟ್ಟಿಸಬೇಡಿ, ಮುಷ್ಟಿಯಿಂದ ಮರೆಮಾಡಿಕೊಂಡೇ ಅಳೆಯಿರಿ.

ಮಳೆಗಾಲದಲ್ಲಿ ಈ ಲೆಕ್ಕ ನಡೆಯುವುದಿಲ್ಲ, ನೆರಳೇ ಇರುವುದಿಲ್ಲ. ಆಗ ಮಂಜನ್ನು ಬಳಸಿ. ಎರಡು ಗುಡ್ಡಗಳ ನಡುವೆ ಮಂಜು ನುಗ್ಗಿದಾಗ ಮುಂದಿನ ಗುಡ್ಡದ ಅಂಚು ಶಾಯಿಯಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ಅದು ಕೆಲವೊಮ್ಮೆ ಅರ್ಧ ನಿಮಿಷವೂ ಇರುವುದಿಲ್ಲ. ಕ್ಯಾಮೆರಾ ಸಿದ್ಧವಾಗಿಟ್ಟುಕೊಂಡು ಕಾಯಬೇಕು. ಕುದುರೆಮುಖದ ಕಡೆ ಹುಲ್ಲಿನ ಬೆನ್ನು ತಿಳಿ ಹಸಿರು, ಕಣಿವೆಯ ಮಡಿಕೆಯಲ್ಲಿ ಅಡಗಿದ ಶೋಲಾ ಕಾಡು ಕಡು ಹಸಿರು. ಬಿಸಿಲಿಲ್ಲದ ದಿನವೂ ಆ ಎರಡು ಹಸಿರುಗಳೇ ಗುಡ್ಡದ ಮಡಿಕೆಗಳನ್ನು ಬಿಡಿಸಿ ತೋರಿಸುತ್ತವೆ.

6. ಕಾಲೂರುವ ವಿಷಯ

ಟ್ರೈಪಾಡ್‌ನ ಎರಡು ಕಾಲು ಇಳಿಜಾರಿನ ಕೆಳಗಡೆಗೆ, ಗಿಡ್ಡಮಾಡಿದ ಒಂದು ಕಾಲು ಮೇಲುಗಡೆಗೆ. ಚೀಲವನ್ನು ನಡುಗಂಬಕ್ಕೆ ತೂಗುಹಾಕಿ. ಪರದೆ ನೋಡುತ್ತಾ ಒಂದೇ ಒಂದು ಹೆಜ್ಜೆಯನ್ನೂ ಹಿಂದಕ್ಕೆ ಇಡಬೇಡಿ. ಮೊದಲು ಕ್ಯಾಮೆರಾ ಇಳಿಸಿ, ತಿರುಗಿ ನೋಡಿ, ಆಮೇಲೆ ಸರಿಯಿರಿ. ಮಳೆಗಾಲದಲ್ಲಿ ಪಾಚಿ ಹಿಡಿದ ಬಂಡೆಯೂ ಒದ್ದೆ ಹುಲ್ಲೂ ಎಣ್ಣೆ ಸವರಿದಂತಿರುತ್ತವೆ. ಕುದುರೆಮುಖದಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಬೇಕು, ಡ್ರೋನ್ ಒಯ್ಯುವ ಮೊದಲು ನಿಯಮ ವಿಚಾರಿಸಿ. ಉಂಬಳಗಳಿಗೆ ಸುಣ್ಣವೋ ಉಪ್ಪೋ ಜೊತೆಗಿರಲಿ.

7. ಬಣ್ಣದ ಇಳಿತ: ಆಕಾಶವನ್ನು ಓದುವುದು

ಬಣ್ಣ ಒಂದರಿಂದ ಇನ್ನೊಂದಕ್ಕೆ ಎಲ್ಲಿ ಬದಲಾಯಿತೆಂದು ಬೆರಳಿಟ್ಟು ತೋರಿಸಲಾಗದಂತೆ ಇಳಿಯಬೇಕು. ಅದನ್ನು ಹಿಡಿಯಲು ನಮ್ಮ ನಾಡಿನಲ್ಲಿ ಸಮಯ ಕಡಿಮೆ. ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ಸೂರ್ಯ ಬಹುತೇಕ ನೆಟ್ಟಗೆ ಇಳಿಯುತ್ತಾನೆ; ಮುಳುಗಿದ ಮೇಲೆ ಒಳ್ಳೆಯ ಸಂಧ್ಯಾಬೆಳಕು ಉಳಿಯುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ ಮಾತ್ರ. ಆಗುಂಬೆಯ ಸೂರ್ಯಾಸ್ತದ ಜಾಗದಲ್ಲಿ ಸೂರ್ಯ ಮುಳುಗಿದ ಕೂಡಲೇ ಜನ ಗಾಡಿ ಹತ್ತುತ್ತಾರೆ. ನೀವು ನಿಲ್ಲಿ. ಬಣ್ಣದ ಇಳಿತ ಶುರುವಾಗುವುದೇ ಆಗ.

ಬೆಳಗಿನ ಜಾವ ಬೆಟ್ಟದ ತುದಿಯಲ್ಲಿದ್ದರೆ ಎಲ್ಲರೂ ಪೂರ್ವಕ್ಕೆ ಮುಖ ಮಾಡಿರುವಾಗ ಒಮ್ಮೆ ಪಶ್ಚಿಮಕ್ಕೆ ತಿರುಗಿ. ಆಕಾಶ ತಿಳಿಯಾಗಿದ್ದರೆ ದಿಗಂತದ ಮೇಲೆ ಬೂದುನೀಲಿಯ ಒಂದು ಪಟ್ಟಿ, ಅದರ ಮೇಲೆ ನಸುಗೆಂಪಿನ ಇನ್ನೊಂದು ಪಟ್ಟಿ ಕಾಣುತ್ತದೆ. ಕೆಳಗಿನದು ವಾತಾವರಣದ ಮೇಲೆ ಬಿದ್ದ ಭೂಮಿಯದೇ ನೆರಳು. ಸೂರ್ಯ ಮೇಲೇರಿದಂತೆ ಅದು ಕೆಳಗೆ ಜಾರಿ ಹೋಗುತ್ತದೆ. ನಾನು ಕಂಡ ಅತಿ ನವಿರಾದ ಬಣ್ಣದ ಇಳಿತ ಇದು. ಮುಳ್ಳಯ್ಯನಗಿರಿಯ ತುದಿಯಲ್ಲಿ ಎಷ್ಟು ಬಾರಿ ನೋಡಿದರೂ ನನಗೆ ಸಾಕಾಗಿಲ್ಲ.

ಗುಡ್ಡದ ಸಾಲುಗಳಲ್ಲೂ ಇಳಿತವಿದೆ. ಹತ್ತಿರದ್ದು ಕಡು ಹಸಿರು, ಮುಂದಿನದು ನೀಲಿಹಸಿರು, ಕೊನೆಯದು ಆಕಾಶದಲ್ಲಿ ಕರಗಿದ ತೆಳು ನೀಲಿ. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಹೀಗಾಗುತ್ತದೆ. ಎಡಿಟಿಂಗ್‌ನಲ್ಲಿ ಮಬ್ಬು ತೆಗೆಯುವ ಗುಂಡಿಯನ್ನು ಜೋರಾಗಿ ಎಳೆದರೆ ಈ ದೂರವೆಲ್ಲ ಒಂದೇ ಏಟಿಗೆ ಮಾಯವಾಗುತ್ತದೆ.

ಸೆಟ್ಟಿಂಗ್‌ಗಳು ಹೀಗಿರಲಿ: ಟ್ರೈಪಾಡ್, ಐಎಸ್‌ಒ (ಬೆಳಕಿನ ಸಂವೇದನೆ) 100, ಎಫ್/8 (ಲೆನ್ಸಿನ ಕಿಂಡಿಯ ಅಳತೆ), ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್). ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಹೊಂದಾಣಿಕೆ) ಆಟೋದಲ್ಲಿ ಬೇಡ. ಅದು ಕೇಸರಿಯನ್ನು ತಪ್ಪೆಂದು ಭಾವಿಸಿ ತಿದ್ದಲು ಹೋಗುತ್ತದೆ. 5200 ಅಥವಾ 5500 ಕೆಲ್ವಿನ್‌ಗೆ ನಿಲ್ಲಿಸಿ. ಎಕ್ಸ್‌ಪೋಷರನ್ನು ಹಿಸ್ಟೋಗ್ರಾಂ (ಚಿತ್ರದ ಕತ್ತಲೆ-ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲ ಅಂಚಿಗೆ ತಾಗದಷ್ಟರ ಮಟ್ಟಿಗೆ ಏರಿಸಿ. ವೈಡ್ ಲೆನ್ಸ್‌ನ ಮೇಲೆ ಪೋಲರೈಸರ್ (ಆಕಾಶವನ್ನು ಕಡುವಾಗಿಸುವ ಫಿಲ್ಟರ್) ಹಾಕಬೇಡಿ. ಆಕಾಶದ ಒಂದು ಭಾಗ ಮಾತ್ರ ಕಪ್ಪಾಗಿ ಇಳಿತದ ಓಟ ಕೆಡುತ್ತದೆ.

8. ಇಳಿಜಾರು ಮೆಟ್ಟಿಲಾಗದಂತೆ

ಬೆಟ್ಟದಲ್ಲಿ ಮೆಟ್ಟಿಲು ನಮಗೆ ಸಾಕ್ಷಿಯಾಗಿತ್ತು. ಆಕಾಶದಲ್ಲಿ ಮೆಟ್ಟಿಲು ಬಂದರೆ ಚಿತ್ರ ಹಾಳಾದಂತೆ. ನುಣ್ಣಗಿರಬೇಕಾದ ನೀಲಿಯಲ್ಲಿ ಪಟ್ಟಿ ಪಟ್ಟಿ ಕಾಣುವುದನ್ನು ನೀವೆಲ್ಲರೂ ನೋಡಿರುತ್ತೀರಿ. ಅದು ಹೀಗಾಗುತ್ತದೆ: ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿವೆ. ನಿಮ್ಮ ಆಕಾಶ ಮೇಲಿನಿಂದ ಕೆಳಕ್ಕೆ 3000 ಪಿಕ್ಸೆಲ್ ಇದ್ದು, ಅಷ್ಟರಲ್ಲಿ ಬಣ್ಣ ಬದಲಾಗುವುದು 40 ಹಂತ ಮಾತ್ರ ಎಂದಾದರೆ, ಒಂದೊಂದು ಹಂತಕ್ಕೆ 75 ಪಿಕ್ಸೆಲ್ ಅಗಲ. ಇಷ್ಟಗಲದ ಮೆಟ್ಟಿಲು ಕಣ್ಣಿಗೆ ಬೀಳಬಹುದು. ಆಮೇಲೆ ಕಾಂಟ್ರಾಸ್ಟ್ ಏರಿಸಿದರೆ ಮೆಟ್ಟಿಲಿನ ಎತ್ತರವೂ ಹೆಚ್ಚುತ್ತದೆ. 14 ಬಿಟ್‌ನ ರಾ ಫೈಲಿನಲ್ಲಾದರೆ 16,384 ಹಂತಗಳಿವೆ.

ಆದ್ದರಿಂದ ರಾ ಫೈಲಿನಿಂದ ಶುರುಮಾಡಿ, 16 ಬಿಟ್‌ನಲ್ಲಿ ಎಡಿಟ್ ಮಾಡಿ, ಸ್ಯಾಚುರೇಷನ್ ಮೇಲಿನ ಕೈ ಹಗುರವಾಗಿರಲಿ. ಕೊನೆಯಲ್ಲಿ ಕಂಡೂ ಕಾಣದಷ್ಟು ಗ್ರೇನ್ (ಸಣ್ಣ ಚುಕ್ಕೆಗಳ ಒರಟು) ಸೇರಿಸಿ. ಮರಳು ಉದುರಿಸಿದಂತೆ ಅದು ಮೆಟ್ಟಿಲಿನ ಅಂಚುಗಳನ್ನು ಮುಚ್ಚುತ್ತದೆ. ಹೊಸಬರು ಇದನ್ನು ನಂಬುವುದೇ ಇಲ್ಲ, ನುಣುಪು ಬೇಕೆಂದು ಇದ್ದ ಗ್ರೇನನ್ನೂ ಅಳಿಸಿ ಪಟ್ಟಿಗಳನ್ನು ಎಬ್ಬಿಸಿಕೊಳ್ಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ಆಗಿ ಕಳುಹಿಸಿ. ಇನ್ನೊಂದು ಎಚ್ಚರ: ಕೆಲವು ಆ್ಯಪ್‌ಗಳ ತಾನಾಗಿ ನೇರಮಾಡುವ ಗುಂಡಿ ಗುಡ್ಡದ ಓರೆ ಗೆರೆಯನ್ನೇ ದಿಗಂತವೆಂದು ತಿಳಿದು ಇಡೀ ಚಿತ್ರವನ್ನು ತಿರುಗಿಸಿಬಿಡುತ್ತದೆ. ಅದನ್ನು ಒತ್ತಬೇಡಿ.

9. ಮನೆಯಲ್ಲೇ ಅಭ್ಯಾಸ

ಒಂದು ಬಿಳಿ ಹಾಳೆಯನ್ನು ಕಿಟಕಿಯ ಪಕ್ಕ ಅರ್ಧ ಕೊಳವೆಯಂತೆ ಬಾಗಿಸಿ ನಿಲ್ಲಿಸಿ. ಬೆಳಕಿನಿಂದ ನೆರಳಿಗೆ ಇಳಿಯುವ ಬೂದು ಬಣ್ಣವನ್ನು ಪಟ್ಟಿಗಳಿಲ್ಲದೆ ತೆಗೆಯಲು ಕಲಿತರೆ ಆಕಾಶ ಕಷ್ಟವಲ್ಲ. ತೋಟವಿದ್ದವರಿಗೆ ಇನ್ನೂ ಒಳ್ಳೆಯ ಪಾಠ ಕೊಯ್ಲಿನ ಕಾಲದ ಕಾಫಿ ರೆಕ್ಕೆ, ಅಂದರೆ ಕಾಯಿ ಬಿಟ್ಟ ಕೊಂಬೆ. ಒಂದೇ ಗೊಂಚಲಲ್ಲಿ ಕಡು ಹಸಿರು ಕಾಯಿ, ಹಳದಿಗೆ ತಿರುಗಿದ್ದು, ಕಿತ್ತಳೆ, ಕೆಂಪು ಹಣ್ಣು ಎಲ್ಲವೂ ಇರುತ್ತವೆ. ಅರೆಹಣ್ಣಾದ ಒಂದರ ಹತ್ತಿರ ಹೋದರೆ ಬಿಸಿಲು ಬಿದ್ದ ಕೆನ್ನೆ ಕೆಂಪು, ತೊಟ್ಟಿನ ಬಳಿ ಇನ್ನೂ ಹಸಿರು, ನಡುವೆ ಹೆಸರಿಲ್ಲದ ಹತ್ತಾರು ಬಣ್ಣಗಳು. ಬಿಸಿಲಲ್ಲಿ ತೆಗೆದರೆ ಹೊಳಪಿನ ಚುಕ್ಕೆಯೊಂದು ಇಳಿತವನ್ನು ಒಡೆಯುತ್ತದೆ. ತೆಳು ಬಿಳಿ ಪಂಚೆಯನ್ನು ಮೇಲೆ ಅಡ್ಡ ಹಿಡಿಯಲು ಯಾರನ್ನಾದರೂ ಕೇಳಿಕೊಳ್ಳಿ.

10. ಮುದ್ರಣ

ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸುವಾಗ ತಾನಾಗಿ ಬಣ್ಣ ತಿದ್ದುವ ಆಯ್ಕೆಯನ್ನು ನಿಲ್ಲಿಸಲು ಹೇಳಿ, ಇಲ್ಲವಾದರೆ ಸಂಜೆಯ ನೀಲಿ ಹಗಲಿನ ನೀಲಿಯಾಗುತ್ತದೆ. ಹೊಳಪಿಲ್ಲದ ಮ್ಯಾಟ್ ಕಾಗದ ಒಳ್ಳೆಯದು. ಮೊದಲು ಚಿಕ್ಕ ಅಳತೆಯಲ್ಲೊಂದು ಹಾಕಿಸಿ, ಮನೆಗೆ ತಂದು, ಹಗಲು ಹೊತ್ತಿನಲ್ಲಿ ಕಿಟಕಿಯ ಬಳಿ ಹಿಡಿದು ನೋಡಿ. ಆ ಜಾಗಕ್ಕೆ ಹೋಗಿರದವರ ಕೈಗೂ ಕೊಟ್ಟು, ಏನನ್ನೂ ಹೇಳದೆ, ಅವರ ಬೆರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಗಮನಿಸಿ. ಗುಡ್ಡದ ಅಂಚನ್ನು ಹಿಡಿದು ಮೇಲಿನಿಂದ ಕೆಳಕ್ಕೆ ಇಳಿದರೆ ದೊಡ್ಡ ಅಳತೆಯ ಪ್ರಿಂಟಿಗೆ ಹೇಳಬಹುದು.